ಎಂಟನೇ ಮನೆಯ ಕುಜ

ಜುಲೈ 15, ಸೋಮವಾರ

ಡಿಗ್ರಿ ಓದುವಾಗ ಉಳಿದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ಹೇಳಲಾರೆ, ಹೇಳದೆ ಇರಲೂ ಆಗುತ್ತಿಲ್ಲ. ಮಧ್ಯಾಹ್ನ ಮೂರು ಗಂಟೆ. ಗೋಡೆಯಾಚೆ ನಾಲ್ಕೂ ಮಗ್ಗ ಓಡುತ್ತಿವೆ. ಎರಡನ್ನು ನನ್ನ ಗಂಡ ರಾಜೇಂದ್ರ ನೋಡಿಕೊಳ್ಳುತ್ತಾನೆ, ಇನ್ನೆರಡನ್ನು ಚಿನ್ನಸ್ವಾಮಿ, ನಮ್ಮಲ್ಲಿ ಇಪ್ಪತ್ತು ವರ್ಷದಿಂದ ನೇಯುವವರು. ಈ ಸದ್ದಿನಲ್ಲಿ ನಾನು ಅತ್ತರೂ ಯಾರಿಗೂ ಕೇಳುವುದಿಲ್ಲ.

(ಎಲ್ಲರೆದುರು ಗಂಡನನ್ನು ‘ಅವರು’ ಎನ್ನುತ್ತೇನೆ. ಇಲ್ಲಿ ಬೇಡ.)

ನಿನ್ನೆ ಅತ್ತೆ ಇಬ್ಬರ ಜಾತಕವನ್ನೂ ಹಿಡಿದುಕೊಂಡು ಜೋಯಿಸರ ಮನೆಗೆ ಕರೆದುಕೊಂಡು ಹೋದರು. ಮದುವೆಯಾಗಿ ಒಂದೂವರೆ ವರ್ಷ, ಮಗು ಯಾವಾಗ ಅಂತ ಕೇಳುವುದಕ್ಕೆ. ನಮ್ಮದು ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಶುರುವಾದದ್ದು. ಅವರದು ನೇಯುವವರ ಮನೆ, ನಾವು ಆವತಿಯ ರೈತರು. ಎರಡು ವರ್ಷ ಜಗಳವಾಡಿ ಎರಡೂ ಮನೆಯವರು ಒಪ್ಪಿದಾಗ ಜಾತಕದ ನೆನಪು ಯಾರಿಗೂ ಬರಲಿಲ್ಲ. ಈಗ ಅತ್ತೆ ನನ್ನ ಅಪ್ಪನಿಂದ ತರಿಸಿಕೊಂಡಿದ್ದಾರೆ.

ಜೋಯಿಸರು ಒಳ್ಳೆಯ ಮನುಷ್ಯರು, ಮೆಲ್ಲಗೆ ಮಾತಾಡುತ್ತಾರೆ. ನನ್ನ ಕುಂಡಲಿಯ ಮೇಲೆ ಬೆರಳಿಟ್ಟು ಲಗ್ನದಿಂದ ಒಂದೊಂದೇ ಮನೆ ಎಣಿಸುತ್ತಾ ಬಂದು ಎಂಟರಲ್ಲಿ ನಿಲ್ಲಿಸಿದರು.

“ಕುಜ ಇಲ್ಲಿ ಕೂತಿದ್ದಾನೆ. ಗಂಡಸಿಗೆ ಎಂಟನೇ ಮನೆ ಆಯುಷ್ಯದ್ದು. ಹೆಂಗಸಿಗೆ ಅದು ಮಾಂಗಲ್ಯ ಸ್ಥಾನ.”

“ಅಂದ್ರೆ?” ಅಂದರು ಅತ್ತೆ.

ಜೋಯಿಸರು ಪಂಚಾಂಗ ಮುಚ್ಚಿದರು. “ಹೆದರಬೇಡಿ” ಅಂದರು.

ಆ ಮಾತಿನವರೆಗೆ ನನಗೆ ಹೆದರಿಕೆಯಾಗಿರಲಿಲ್ಲ.

ನನಗೀಗ ಕುಜ ಭುಕ್ತಿ ಶುರುವಾಗಿದೆಯಂತೆ, ದೀಪಾವಳಿ ಕಳೆಯುವವರೆಗೂ ಇರುತ್ತದಂತೆ. ಮಂಗಳವಾರ ಉಪವಾಸ, ತೊಗರಿಬೇಳೆ ದಾನ, ಘಾಟಿಯ ದೇವಸ್ಥಾನದಲ್ಲಿ ಪೂಜೆ. “ಹುಡುಗನ ಮೇಲೆ ಒಂದು ಕಣ್ಣಿಟ್ಟಿರಿ.” ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಮನೆ ಹತ್ತಿರ ಬಂದಾಗ, “ಅವನಿಗೆ ಹೇಳಬ್ಯಾಡ ಮಗಾ” ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜುಲೈ 16, ಮಂಗಳವಾರ

ಘಾಟಿಗೆ ಹೋಗಿ ಬಂದೆವು. ಉಪವಾಸ. ಅವನು ಕೇಳಿದ, “ಏನಿದು ಹೊಸ ವ್ರತ?” ಮಗುವಿಗಾಗಿ ಅಂದೆ. ನಕ್ಕು ನನ್ನ ಜಡೆ ಎಳೆದು ಮಗ್ಗದ ಮನೆಗೆ ಹೋದ. ನನಗೆ ನಗಲಾಗಲಿಲ್ಲ.

ಜುಲೈ 22, ಸೋಮವಾರ

ಫೋನಿನಲ್ಲಿ ನೋಡಬಾರದಿತ್ತು. ‘ಎಂಟನೇ ಮನೆಯಲ್ಲಿ ಕುಜ’ ಅಂತ ಹಾಕಿದರೆ ಮುಗಿಯದಷ್ಟು ವಿಡಿಯೋ. ಒಬ್ಬರು ಅದು ದೋಷವೇ ಅಲ್ಲ, ಗುರುವಿನ ದೃಷ್ಟಿ ಇದ್ದರೆ ಪರಿಹಾರ ಅಂದರು. ಇನ್ನೊಬ್ಬರು ಗಂಡನಿಗೆ ಅಪಘಾತ, ಆಯುಧದಿಂದ ಗಾಯ, ಅಕಾಲ ಮರಣ ಅಂದರು. ಮೊದಲನೆಯದನ್ನು ಒಮ್ಮೆ ನೋಡಿದೆ. ಎರಡನೆಯದನ್ನು ಆರು ಸಲ ನೋಡಿದೆ.

ಮಗ್ಗದಲ್ಲಿ ಕಬ್ಬಿಣವೇ ತುಂಬಿದೆ. ಲಾಳಿ ಒಮ್ಮೆ ಹಾರಿ ಬಂದು ಪಕ್ಕದ ಬೀದಿಯವರೊಬ್ಬರ ಕಣ್ಣು ಹೋಗಿತ್ತು. ಇಷ್ಟು ದಿನ ಇದೆಲ್ಲ ನನ್ನ ತಲೆಗೆ ಹೊಳೆದಿರಲಿಲ್ಲ. ಈಗ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದರೆ ಕಿವಿಯೆಲ್ಲ ಅಲ್ಲೇ. ನಾಲ್ಕರಲ್ಲಿ ಒಂದು ಮಗ್ಗ ನಿಂತರೂ ಎದ್ದು ಓಡುತ್ತೇನೆ. ನೂಲು ಕಡಿದಿರುತ್ತದೆ, ಅಷ್ಟೇ. “ಏನಮ್ಮಾ?” ಅನ್ನುತ್ತಾರೆ ಚಿನ್ನಸ್ವಾಮಿ. ಕಾಫಿ ಬೇಕಾ ಅಂತ ಕೇಳುವುದಕ್ಕೆ ಬಂದೆ ಅನ್ನುತ್ತೇನೆ. ಇವತ್ತು ಅವರಿಗೆ ಐದು ಸಲ ಕಾಫಿ ಕೇಳಿದ್ದೇನೆ.

ಕೆಂಪು ಕುಜನ ಬಣ್ಣವಂತೆ, ಕೆಂಪು ಸೀರೆಗಳನ್ನೆಲ್ಲ ಕೆಳಗಿನ ಪೆಟ್ಟಿಗೆಗೆ ಹಾಕಿದೆ.

ಜುಲೈ 30, ಮಂಗಳವಾರ

ಊಟಕ್ಕೆ ಬಂದವನು ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತುಬಿಟ್ಟ. ಮುಖದಲ್ಲಿ ರಕ್ತವಿರಲಿಲ್ಲ, ತುಟಿ ಬೂದಿಯಾಗಿತ್ತು. ಹತ್ತು ಎಣಿಸುವಷ್ಟು ಹೊತ್ತು ಇರಬಹುದು. ಆಮೇಲೆ ಏನೂ ಆಗದವನಂತೆ ಕೂತು ಮುದ್ದೆ ಮುರಿದ.

“ಏನಾಯ್ತು?”

“ಬಿಸಿಲು ಕಣೇ.”

ನಾಲ್ಕು ದಿನದಿಂದ ಇಲ್ಲಿ ಬಿಸಿಲೇ ಇಲ್ಲ.

ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅವರು ನನ್ನನ್ನು ನೋಡುತ್ತಾರೆ. ಇದು ನನ್ನಿಂದಲೇ. ಶುರುವಾಯಿತು.

ಆಗಸ್ಟ್ 9, ಶುಕ್ರವಾರ, ನಾಗರ ಪಂಚಮಿ

ಅತ್ತೆ ಜೊತೆ ಹುತ್ತಕ್ಕೆ ಹಾಲೆರೆದು ಬಂದೆ. ಅವರು ಏನು ಬೇಡಿಕೊಂಡರೋ, ತುಂಬ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಮನೆಗೆ ಬಂದು ಮಾವನ ಫೋಟೋಗೆ ಹೂವು ಮುಡಿಸಿದರು. ಮಾವ ಹೋದಾಗ ರಾಜೇಂದ್ರನಿಗೆ ಎಂಟು ವರ್ಷವಂತೆ.

“ಏನಾಗಿತ್ತು ಅತ್ತೆ ಮಾವಂಗೆ?”

“ಮಗ್ಗದ ಮುಂದೇನೇ ಹೋದ್ರು. ಮೂವತ್ತಾರು ವರ್ಷ” ಅಂದು ಒಳಗೆ ಹೋಗಿಬಿಟ್ಟರು.

ನಾನು ಕುಂಕುಮ ಹಚ್ಚಿಕೊಳ್ಳುವಾಗ ಕನ್ನಡಿಯಲ್ಲಿ ಅವರು ನನ್ನ ಕತ್ತನ್ನು ನೋಡುತ್ತಿದ್ದುದು ಕಾಣಿಸಿತು. ತಾಳಿಯನ್ನು. ದ್ವೇಷದಿಂದಲ್ಲ. ಹಾಲು ಉಕ್ಕುತ್ತದೇನೋ ಅಂತ ಒಲೆ ನೋಡುವ ಹಾಗೆ.

ಆಗಸ್ಟ್ 17, ಶನಿವಾರ

ವರಮಹಾಲಕ್ಷ್ಮಿ ಹಬ್ಬ ಮುಗಿಯಿತು. ಇವತ್ತು ಮತ್ತೆ ಜೋಯಿಸರ ಹತ್ತಿರ ಹೋದೆವು. ಅವನ ಮುಖ ಆಗಾಗ ಬಿಳಿಚಿಕೊಳ್ಳುತ್ತಿರುವುದನ್ನು ನಾನೇ ಹೇಳಿದೆ, ತಡೆಯಲಾಗಲಿಲ್ಲ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಜೋಯಿಸರು ಮತ್ತೆ ಪಂಚಾಂಗ ತಿರುವಿ, ಭುಕ್ತಿ ಮುಗಿಯುವವರೆಗೆ ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ ಇಲ್ಲದಿದ್ದರೆ ಒಳ್ಳೆಯದು, ಕಾರ್ತಿಕದಲ್ಲಿ ತಾಳಿಯನ್ನು ದೇವರಿಗೆ ಒಪ್ಪಿಸಿ ಮತ್ತೆ ಕಟ್ಟಿಸಿಕೊಳ್ಳಲಿ ಅಂದರು.

ನನ್ನನ್ನು ಯಾರೂ ತಳ್ಳಲಿಲ್ಲ. ಹೋಗ್ತೀನಿ ಅಂತ ನಾನೇ ಅಂದೆ.

ಆಗಸ್ಟ್ 21, ಬುಧವಾರ, ಆವತಿ

ಅಮ್ಮನಿಗೆ ಮಂಡಿ ನೋವು ಅಂತ ಸುಳ್ಳು ಹೇಳಿ ಬಂದಿದ್ದೇನೆ. ಬಸ್‌ಸ್ಟ್ಯಾಂಡಿಗೆ ಬಂದು ಅವನು ಕಿಟಕಿ ಹತ್ತಿರ ನಿಂತು, “ಎಷ್ಟು ದಿನ?” ಅಂದ. ದೀಪಾವಳಿವರೆಗೆ ಅನ್ನಲು ಬಾಯಿ ಬರಲಿಲ್ಲ. “ನೋಡ್ತೀನಿ” ಅಂದೆ. ಅವನು ಮೆಲ್ಲಗೆ, “ಅಮ್ಮ ಏನಾದ್ರೂ ಅಂದ್ರಾ?” ಅಂತ ಕೇಳಿದ. ಇಲ್ಲ ಅಂದೆ. ಬಸ್ಸು ಹೊರಟ ಮೇಲೆ ತಿರುಗಿ ನೋಡಲಿಲ್ಲ. ನನ್ನ ಕಣ್ಣೇ ಬೀಳಬಾರದು ಅನ್ನಿಸಿತು.

ಆಗಸ್ಟ್ 28, ಬುಧವಾರ

ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಹಸುವಿನ ಮೈ ತಿಕ್ಕುತ್ತಲೇ ಕೇಳಿಸಿಕೊಂಡು, “ನೀನು ಹುಟ್ಟಿದ ಟೈಮ್ ಯಾರು ನೋಡವ್ರೆ? ಹಾಲು ಕರೆಯೋ ಹೊತ್ತು ಅಂತ ನಾನಂದೆ, ಆರು ಹತ್ತು ಅಂತ ನಿಮ್ಮಪ್ಪ ಬರೆಸ್ದ” ಅಂದಳು. ಅಪ್ಪನನ್ನು ಕೇಳಿದರೆ, “ಹೂಂ, ಅಂದಾಜಿಗೆ. ಗಡಿಯಾರ ಎಲ್ಲಿತ್ತಮ್ಮ ಆಗ” ಅಂತ ನಕ್ಕ.

ಅಮ್ಮ ನನ್ನ ಮುಖ ನೋಡುತ್ತಿದ್ದಳು, ನನಗೆ ಸಮಾಧಾನವಾಗಲಿ ಅಂತ. ನಾನು ಒಳಗೆ ಹೋಗಿ ಫೋನಿನಲ್ಲಿ ಹುಡುಕಿದೆ. ಹೊತ್ತು ಸ್ವಲ್ಪ ಹಿಂದೆ ಹೋದರೆ ಕುಜ ಒಂಬತ್ತಕ್ಕೆ ಬರುತ್ತಾನೆ, ದೋಷವಿಲ್ಲ. ಮುಂದೆ ಹೋದರೆ ಏಳಕ್ಕೆ. ಏಳು ಕಳತ್ರ ಸ್ಥಾನ, ಅದೂ ದೋಷವೇ. ಹಾಗಾದರೆ ಏಳರಲ್ಲೇ ಇರಬೇಕು ಅನ್ನಿಸುತ್ತಿದೆ. ಯಾಕೆ ಹೀಗನ್ನಿಸುತ್ತದೋ ಗೊತ್ತಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ, ಗೌರಿ ಹಬ್ಬ

ಹೇಳದೆ ಕೇಳದೆ ಬೈಕಿನಲ್ಲಿ ಬಂದುಬಿಟ್ಟ. ಹೈವೇಯಲ್ಲಿ. ಲಾರಿಗಳ ಮಧ್ಯೆ. ಅಂಗಳದಲ್ಲಿ ಅವನನ್ನು ಕಂಡು ಬಾ ಅನ್ನುವ ಬದಲು, “ಯಾಕ್ ಬಂದ್ರಿ?” ಅಂತ ಕಿರುಚಿದೆ. ಅಪ್ಪ ಅಮ್ಮ ಒಳಗೆ ಸರಿದರು.

ತೂಕ ಇಳಿದಿದ್ದಾನೆ. ಎಡ ಮೊಣಕೈ ತರಚಿತ್ತು, ಹಳೆಯ ಗಾಯ. ಏನು ಅಂದರೆ ಜಾರಿದೆ ಅಂದ. ಅಂಗಳದ ಸಂಪಿಗೆ ಮರದ ಬುಡದಲ್ಲಿ ಕೂತು, “ನಿಂಗೆ ನಾನು ಬೇಡ್ವಾ ಪದ್ಮ? ಬೇರೆ ಏನಾದ್ರೂ ಇದ್ರೆ ಹೇಳ್ಬಿಡು” ಅಂದ. ಏನು ಹೇಳಲಿ? ನೀನು ಬದುಕಿರಲಿ ಅಂತಲೇ ಇಲ್ಲಿದ್ದೇನೆ ಅಂದರೆ ಎಲ್ಲ ಹೇಳಬೇಕಾಗುತ್ತದೆ. “ಹೋಗಿ, ಕತ್ತಲಾಗೋದ್ರೊಳಗೆ ಮನೆ ಸೇರ್ಕೊಳಿ” ಅಂದೆ. ಒಬ್ಬಟ್ಟು ತಿನ್ನದೆ ಹೋದ. ಮನೆ ಮುಟ್ಟಿದೆ ಅಂತ ಫೋನ್ ಬರುವವರೆಗೆ ನಾನು ಬಾಗಿಲಲ್ಲೇ ಕೂತಿದ್ದೆ.

ಸೆಪ್ಟೆಂಬರ್ 13, ಶುಕ್ರವಾರ

ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಐದನೇ ಸಲಕ್ಕೆ ಎತ್ತಿದ. ಮಗ್ಗದ ಸದ್ದಿನಲ್ಲಿ ಏನಂದನೋ ಕೇಳಲಿಲ್ಲ. ಉಸಿರಾಡುತ್ತಿದ್ದ. ಸಾಕು.

ಸೆಪ್ಟೆಂಬರ್ 18, ಬುಧವಾರ, ಬಸ್ಸಿನಲ್ಲಿ

ಬಸ್ಸಿನ ಕುಲುಕಾಟದಲ್ಲೇ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಚಿನ್ನಸ್ವಾಮಿ ಫೋನ್ ಮಾಡಿದ್ದರು. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಯಾರಿಗೂ ಫೋನ್ ಮಾಡಿದ್ದಿಲ್ಲ.

“ಅಮ್ಮಾ, ಹೇಳ್ಬಾರ್ದು ಅಂತ ರಾಜೇಂದ್ರ ತಂಬಿ ನನ್ನ ಕೈಲಿ ಆಣೆ ಹಾಕಿಸ್ಕೊಂಡವ್ರೆ. ಆದ್ರೂ ಹೇಳ್ತೀನಿ. ಇವತ್ತು ಬೆಳಿಗ್ಗೆ ಬಿದ್ಬಿಟ್ರು. ಮಗ್ಗಕ್ಕೂ ತಲೆಗೂ ಒಂದು ಗೇಣು. ಇದು ಮೂರನೇ ಸಲ. ಮೊದಲನೇದು ನೀವು ಇಲ್ಲಿದ್ದಾಗ್ಲೇ ಆಯ್ತು.”

“ಯಾಕೆ ಹೇಳ್ಲಿಲ್ಲ ಅವರು?”

“ನಿಮಗೋಸ್ಕರನೇ ಕಣಮ್ಮಾ. ‘ಅಮ್ಮ ಅವಳ ಜಾತಕ ಹಿಡ್ಕೊಂಡು ಕೂತವ್ರೆ, ನಾನು ಬಿದ್ದೆ ಅಂತ ಗೊತ್ತಾದ್ರೆ ಎಲ್ಲಾ ಅವಳ ತಲೆ ಮೇಲೆ ಬರುತ್ತೆ’ ಅಂದ್ರು. ಆಸ್ಪತ್ರೆಗೂ ಅದಕ್ಕೇ ಹೋಗ್ತಾ ಇಲ್ಲ.”

ಅವನಿಗೆ ಎಲ್ಲ ಗೊತ್ತಿತ್ತು. ನನ್ನ ಉಪವಾಸ, ಘಾಟಿ, ಮಂಡಿ ನೋವು, ಎಲ್ಲ ಗೊತ್ತಿದ್ದೂ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನಿದ್ದ.

ದೀಪಾವಳಿಗೆ ಇನ್ನೂ ಆರು ವಾರವಿದೆ. ನಾನು ಆ ಮನೆಯೊಳಗೆ ಕಾಲಿಟ್ಟ ಮೇಲೆ ಅವನಿಗೇನಾದರೂ ಆದರೆ? ದೇವನಹಳ್ಳಿಯಲ್ಲಿ ದೊಡ್ಡಬಳ್ಳಾಪುರದ ಬಸ್ಸಿನ ಬಾಗಿಲ ಕಂಬಿ ಹಿಡಿದು ಕೆಳಗೇ ನಿಂತುಬಿಟ್ಟೆ. ಕಂಡಕ್ಟರ್ “ಹತ್ತಮ್ಮಾ, ಹೋಗ್ಬೇಕೋ ಬೇಡ್ವೋ?” ಅಂದ. ಹತ್ತಿದೆ. ಹೋಗದಿದ್ದರೂ ಅವನು ಬೀಳುತ್ತಾನೆ. ಹಿಡಿದುಕೊಳ್ಳುವವರು ಯಾರೂ ಇರುವುದಿಲ್ಲ ಅಷ್ಟೇ.

ಸೆಪ್ಟೆಂಬರ್ 20, ಶುಕ್ರವಾರ, ಬೆಂಗಳೂರು, ಆಸ್ಪತ್ರೆ

ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಅವನು ಒಳಗಿದ್ದಾನೆ. ಎದೆಗೆಲ್ಲ ವೈರು ಅಂಟಿಸಿದ್ದಾರೆ.

ಮೊನ್ನೆ ಮನೆ ಬಾಗಿಲಲ್ಲಿ ಅತ್ತೆ ಎರಡೂ ಕೈ ಅಡ್ಡ ಹಿಡಿದು ನಿಂತರು. “ಯಾಕ್ ಬಂದೆ ತಾಯಿ? ಇನ್ನೂ ದಿನ ತುಂಬಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಹೋಗು.”

“ಮೂರು ಸಲ ಬಿದ್ದವ್ರಂತೆ ಅತ್ತೆ. ಮಗ್ಗದ ಮುಂದೆ.”

ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅತ್ತೆಯ ಕೈ ತಾನಾಗಿ ಕೆಳಗಿಳಿಯಿತು. “ಬಿದ್ದು ಎದ್ನಂತಾ? ಏನೂ ಆಗಿಲ್ಲ ಅಂತ ನಗ್ತಾನಾ?” ಅಂದರು. ಹೌದು ಅನ್ನುವಷ್ಟರಲ್ಲಿ ಅವರು ಓಡಿದ್ದರು. ಐವತ್ತನಾಲ್ಕು ವರ್ಷದ ಅತ್ತೆ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಹೋಗಿ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ರಾಜೇಂದ್ರ ತಿರುಗಿ ನಮ್ಮಿಬ್ಬರನ್ನೂ ಬಾಗಿಲಲ್ಲಿ ಕಂಡ.

“ನಡಿ ಆಸ್ಪತ್ರೆಗೆ” ಅಂದರು ಅತ್ತೆ.

“ಏನಿಲ್ಲಮ್ಮಾ...”

“ನಿಮ್ಮಪ್ಪನೂ ಹಂಗೇ ಅಂದ್ರು. ನಡಿ.”

ದೊಡ್ಡಬಳ್ಳಾಪುರದಲ್ಲಿ ಇಸಿಜಿ ತೆಗೆದ ಡಾಕ್ಟರು ಕಾಗದವನ್ನು ಎರಡು ಸಲ ನೋಡಿ, ಇವತ್ತೇ ಬೆಂಗಳೂರಿಗೆ ಹೋಗಿ ಅಂದರು. ಆಂಬುಲೆನ್ಸಿನಲ್ಲಿ ಅವನು ನನ್ನ ಬೆರಳು ಹಿಡಿದುಕೊಂಡಿದ್ದ. “ಹೆದರ್ಕೊಂಡಿದೀಯಾ?” ಅಂದ. ಹೌದು ಅಂದೆ. “ನಾನೂನು” ಅಂದ. ಎರಡು ತಿಂಗಳಲ್ಲಿ ನಾವಿಬ್ಬರೂ ಆಡಿದ ಮೊದಲ ನಿಜ ಅದು.

ಸೆಪ್ಟೆಂಬರ್ 24, ಮಂಗಳವಾರ

ಇವತ್ತು ಡಾಕ್ಟರ್ ಕೂರಿಸಿ ಹೇಳಿದರು. ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಎದೆ ಬಡಿಯುವುದಕ್ಕೆ ಒಳಗೆ ಕರೆಂಟು ಹರಿಯುತ್ತದಂತೆ. ಅವನದರಲ್ಲಿ ಅದು ಒಮ್ಮೊಮ್ಮೆ ದಾರಿ ತಪ್ಪುತ್ತದೆ, ಆಗ ಬೀಳುತ್ತಾನೆ. ತಾನಾಗಿ ಸರಿಹೋದರೆ ಏಳುತ್ತಾನೆ. ಹೋಗದಿದ್ದರೆ... ಅವರು ವಾಕ್ಯ ಮುಗಿಸಲಿಲ್ಲ.

“ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದಂಗೆ ತೀರ್ಕೊಂಡಿದ್ದಾರಾ?”

ಅತ್ತೆ ಅಂದರು, “ಇವರಪ್ಪ. ಎರಡು ಸಲ ಬಿದ್ದು ಎದ್ರು. ಮೂರನೇ ಸಲ ಏಳ್ಲಿಲ್ಲ.”

ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. “ಈಗ ಪರೀಕ್ಷೆ ಮಾಡಿ ಹೇಳೋಕಾಗಲ್ಲ. ಆದ್ರೆ ಇದೇ ಇದ್ದಿರಬೇಕು. ಇದು ರಕ್ತದಲ್ಲಿ ಬರೋದು, ಹುಟ್ಟಿನಿಂದಾನೇ.”

“ಹುಟ್ಟಿನಿಂದಾನಾ?” ಅಂದರು ಅತ್ತೆ.

“ಹೌದಮ್ಮ.”

“ಮದ್ವೆಗೂ ಮುಂಚೆನೇ ಇತ್ತಾ? ನಾನು ಆ ಮನೆಗೆ ಬರೋಕೂ ಮುಂಚೆ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು. “ಹುಟ್ಟುವಾಗಲೇ ಇತ್ತಮ್ಮ” ಅಂತ ಇನ್ನೊಂದು ಸಲ ನಿಧಾನವಾಗಿ ಹೇಳಿದರು.

ಹೊರಗೆ ಬಂದು ಅತ್ತೆ ಬೆಂಚಿನ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೇ ಕೂತರು. ಜನ ಓಡಾಡುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

“ನನ್ನ ಜಾತಕದಲ್ಲಿ ಎಂಟರಲ್ಲಿ ರಾಹು ಪದ್ಮ” ಅಂದರು. “ಹೆಣ ಇನ್ನೂ ಅಂಗಳದಲ್ಲೇ ಇತ್ತು. ನನ್ನ ವಾರಗಿತ್ತಿ ಮಾರಕ್ಕ ಎಲ್ಲರ ಮುಂದೆ ಅಂದ್ಲು, ‘ಎಂಟರಲ್ಲಿ ರಾಹು ಇಟ್ಕೊಂಡು ಬಂದು ನನ್ನ ಮೈದುನನ್ನ ನುಂಗ್ಬಿಟ್ಲು’ ಅಂತ. ಒಬ್ರೂ ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನಿಜ ಅಂತ್ಲೇ ಅಂದ್ಕೊಂಡೆ. ಇಪ್ಪತ್ತಮೂರು ವರ್ಷ ಅಂದ್ಕೊಂಡಿದೀನಿ.”

ನನ್ನ ಕಡೆ ತಿರುಗಿ ಕೇಳಿದರು. “ಹಂಗಾದ್ರೆ ನಾನಲ್ವಾ?”

“ನೀವಲ್ಲ ಅತ್ತೆ.”

ಅವರು ಅತ್ತಿದ್ದನ್ನು ಬರೆಯಲಾರೆ. ಒಬ್ಬ ವಾರ್ಡಿನವನು ಬಂದು, “ಪೇಷಂಟ್ ಹೋಗ್ಬಿಟ್ರಾ?” ಅಂತ ನನ್ನನ್ನು ಕೇಳಿದ. ಹೌದು, ತುಂಬ ಹಿಂದೆ, ಅನ್ನಬೇಕೆನ್ನಿಸಿತು.

ಕ್ಯಾಂಟೀನಿನಿಂದ ಎರಡು ಇಡ್ಲಿ ತಂದು ಅತ್ತೆಗೆ ತಿನ್ನಿಸಿದೆ, ನಾನೂ ತಿಂದೆ. ಆಪರೇಷನ್ ನಾಡಿದ್ದು.

ಸೆಪ್ಟೆಂಬರ್ 26, ಗುರುವಾರ

ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆ ಹತ್ತು ನಿಮಿಷ. ಏನೂ ಬರೆಯಲಾಗುತ್ತಿಲ್ಲ. ದೇವರೇ. ದೇವರೇ.

ಆಯಿತು. ಕಣ್ಣು ಬಿಟ್ಟಿದ್ದಾನೆ. ನೀರು ಕೇಳಿದ.

ಅಕ್ಟೋಬರ್ 5, ಶನಿವಾರ, ಮನೆ

ಎಡಗಡೆ ಭುಜದ ಎಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದ್ದಾರೆ. ಬಡಿತ ದಾರಿ ತಪ್ಪಿದರೆ ಅದೇ ಒಂದು ಏಟು ಕೊಟ್ಟು ಸರಿಮಾಡುತ್ತದಂತೆ. ಆರು ವಾರ ಎಡಗೈ ಮೇಲೆತ್ತುವ ಹಾಗಿಲ್ಲ, ಮಗ್ಗಕ್ಕೆ ನಿಲ್ಲುವ ಹಾಗಿಲ್ಲ. ಎರಡು ಮಗ್ಗ ಚಿನ್ನಸ್ವಾಮಿ ಓಡಿಸುತ್ತಾರೆ. ಮೂರನೆಯದನ್ನು ನಾನು ಕಲಿಯುತ್ತಿದ್ದೇನೆ. ಅವನು ಕುರ್ಚಿ ಹಾಕಿಕೊಂಡು ಕೂತು, “ನೂಲು ಕಡೀತು, ಕಡೀತು!” ಅಂತ ಕೂಗುತ್ತಾನೆ. ನನಗೆ ಕೇಳುವುದಿಲ್ಲ.

ಮಲಗಿದ್ದಾಗ ಆ ಉಬ್ಬಿದ ಜಾಗದ ಮೇಲೆ ಕೈಯಿಟ್ಟು ನೋಡುತ್ತೇನೆ. ಹೆದರಿಕೆ ಹೋಗಿಲ್ಲ. ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಮಾತ್ರೆ ಯಾವ ಹೊತ್ತಿಗೆ, ಯಾವ ಮಾತ್ರೆ ಕೊಡಬಾರದು ಅಂತ ಡಾಕ್ಟರನ್ನು ಕೇಳಿ ಕೇಳಿ ಬರೆದುಕೊಂಡಿದ್ದೇನೆ.

ಜೋಯಿಸರು ದಾರಿಯಲ್ಲಿ ಸಿಕ್ಕಿ, “ಗಂಡಾಂತರ ಕಳೀತಲ್ಲಮ್ಮ, ಪೂಜೆ ಫಲ ಕೊಡ್ತು” ಅಂದರು. ವಾದ ಮಾಡಲಿಲ್ಲ. ಮಾತ್ರೆ ಅಂಗಡಿ ಮುಚ್ಚುವ ಹೊತ್ತಾಗಿತ್ತು.

ಅಕ್ಟೋಬರ್ 13, ಭಾನುವಾರ

ರಕ್ತಸಂಬಂಧಿಕರೆಲ್ಲ ಒಂದು ಇಸಿಜಿ ತೆಗೆಸಬೇಕು ಅಂತ ಡಾಕ್ಟರ್ ಹೇಳಿದ್ದರು. ಮಾವನ ಕಡೆ ಇರುವುದು ಅವರ ಅಣ್ಣ ಗೋಪಾಲಪ್ಪನವರ ಮನೆ ಒಂದೇ, ಹೊಸಕೋಟೆಯಲ್ಲಿ. ಮಾರಕ್ಕನ ಮನೆ. ಮಾವ ಹೋದ ಮೇಲೆ ಅತ್ತೆ ಅಲ್ಲಿಗೆ ಕಾಲಿಟ್ಟಿಲ್ಲ. ಅವರೂ ಒಂದು ಶುಭಕ್ಕೆ ಕರೆದಿಲ್ಲ.

ಫೋನ್ ಮಾಡಿ ಹೇಳಿದರಾಯಿತು ಅಂದ ರಾಜೇಂದ್ರ. “ಫೋನಲ್ಲಿ ಹೇಳಿದ್ರೆ ಯಾರ್ ನಂಬ್ತಾರೆ?” ಅಂದು ಅತ್ತೆ ಬೆಳಿಗ್ಗೆ ಆರಕ್ಕೇ ಸೀರೆ ಉಟ್ಟು ನಿಂತಿದ್ದರು. ನಾನು ಆಸ್ಪತ್ರೆಯ ಕಾಗದಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅತ್ತೆ ಏನು ಹೇಳಬೇಕೆಂದು ತುಟಿಯಲ್ಲೇ ಅಂದುಕೊಳ್ಳುತ್ತಿದ್ದರು. ಬೈಗುಳವೂ ಇತ್ತು, ನನಗೆ ಕೇಳಿಸಿತು.

ಬಾಗಿಲು ತೆಗೆದದ್ದು ಮಾರಕ್ಕನೇ. ಸೊಂಟ ಬಾಗಿದೆ, ಬಾಯಲ್ಲಿ ಹಲ್ಲಿಲ್ಲ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

ಅತ್ತೆ ಹೊಸ್ತಿಲಾಚೆಯೇ ನಿಂತು ಹೇಳಿದರು. “ಅಕ್ಕಾ, ಒಳಕ್ಕೆ ಬರಲ್ಲ. ನನ್ನ ಮಗಂಗೆ ಎದೇಲಿ ಕಾಯಿಲೆ ಇತ್ತು. ಅವರಪ್ಪಂಗೂ ಅದೇ ಇತ್ತಂತೆ. ವಂಶದ್ದು. ನಿಮ್ಮ ಮನೆ ಮಕ್ಳಿಗೆಲ್ಲ ಒಂದ್ಸಲ ತೋರ್ಸಿ. ಇಷ್ಟೇ.” ನಾನು ಕಾಗದ ಮುಂದೆ ಹಿಡಿದೆ.

ಮಾರಕ್ಕ ಕಾಗದ ನೋಡಲಿಲ್ಲ. ಚೌಕಟ್ಟು ಹಿಡಿದುಕೊಂಡು, “ಬೀಳೋದಾ?” ಅಂದಳು. “ಆಡ್ತಾ ಆಡ್ತಾ ಬಿದ್ದು, ಮತ್ತೆ ಎದ್ದು...”

ನಡುಮನೆಯಲ್ಲಿ ಮೊಮ್ಮಗಳು ಸಿಂಚನ ಬರೆಯುತ್ತಾ ಕೂತಿದ್ದಳು, ಒಂಬತ್ತು ವರ್ಷ. ಹೋದ ತಿಂಗಳು ಸ್ಕೂಲಿನ ಪ್ರೇಯರ್‌ನಲ್ಲಿ ಒಂದು ಸಲ, ಆಟದಲ್ಲಿ ಒಂದು ಸಲ ಬಿದ್ದಿದ್ದಾಳಂತೆ. ದೃಷ್ಟಿ ಅಂತ ತೋಳಿಗೆ ತಾಯಿತ ಕಟ್ಟಿದ್ದರು.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಆ ಮಗುವಿನ ಮುಂದೆ ಕೂತು, ಅದರ ಎದೆಯ ಮೇಲೆ ಅಂಗೈ ಇಟ್ಟು, ಏನೋ ಕೇಳಿಸಿಕೊಳ್ಳುವವರಂತೆ ತಲೆ ಬಗ್ಗಿಸಿದರು. ಹಿಂದಿನಿಂದ ಮಾರಕ್ಕ ಅತ್ತೆಯ ಹೆಸರು ಹಿಡಿದು, “ನಾರಾಯಣೀ, ಅವತ್ತು ನಾನು...” ಅಂದಳು.

“ಅದೆಲ್ಲ ಆಮೇಲೆ” ಅಂದರು ಅತ್ತೆ, ತಿರುಗದೆ. “ಮಗೀಗೆ ಚಪ್ಪಲಿ ಹಾಕು ಅಕ್ಕಾ. ಪದ್ಮ, ಹೋಗಿ ಆಟೋ ನಿಲ್ಸು.”

ನಾನು ಬೀದಿಗೆ ಓಡಿದೆ.